ಕಂಪ್ಯೂಟರ್ ಪಹಣಿಯಲ್ಲಿ ಬಂದದ್ದೆಲ್ಲ ಸತ್ಯವೇ? ನಿಯಮ ಒಂದು, ತಂತ್ರಾಂಶ ಇನ್ನೊಂದು ಆದಾಗ ಏನಾಗುತ್ತದೆ

ಜಮೀನಿನ ದಾಖಲೆಗಳ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಸಂದೇಶಗಳಿಗೆ ಕೊನೆಯಿಲ್ಲ. ಅವುಗಳನ್ನು ಸೋಸಿದರೆ ಮುಖ್ಯವಾಗಿ ನಾಲ್ಕು ಮಾತುಗಳು ಸಿಗುತ್ತವೆ.

• ಪಹಣಿಯಲ್ಲಿ ನಿಮ್ಮ ಹೆಸರಿದ್ದರೆ ಸಾಕು, ಜಮೀನು ನಿಮ್ಮದೇ.
• ಕಂಪ್ಯೂಟರ್ ಪಹಣಿಯಲ್ಲಿ ತಪ್ಪಾಗಲು ಸಾಧ್ಯವಿಲ್ಲ. ತಪ್ಪಿದ್ದರೆ ಯಾರೋ ಬೇಕೆಂದೇ ಮಾಡಿದ್ದಾರೆ.
• ಕಂಪ್ಯೂಟರ್‌ಗೆ ಒಮ್ಮೆ ಹತ್ತಿದ್ದನ್ನು ಇನ್ನು ಯಾರಿಂದಲೂ ತಿದ್ದಲಾಗದು.
• ಪಹಣಿಗೆ ಆಧಾರ್ ಜೋಡಿಸದಿದ್ದರೆ ಜಮೀನು ಸರ್ಕಾರದ ಪಾಲಾಗುತ್ತದೆ.

ನಾಲ್ಕೂ ಮಾತುಗಳ ಹಿಂದೆ ಒಂದೇ ತಪ್ಪು ತಿಳಿವಳಿಕೆ ಇದೆ. ಕಾನೂನಿನ ನಿಯಮ, ಆ ನಿಯಮವನ್ನು ನಡೆಸುವ ತಂತ್ರಾಂಶ, ತಂತ್ರಾಂಶದೊಳಗಿನ ದಾಖಲೆ, ಈ ಮೂರೂ ಒಂದೇ ಎಂದು ನಾವು ಭಾವಿಸುತ್ತೇವೆ. ಇವು ಬೇರೆ ಬೇರೆ. ಮೂರೂ ಒಂದಕ್ಕೊಂದು ತಾಳೆಯಾಗುವಂತೆ ನೋಡಿಕೊಳ್ಳುವುದು ಜಗತ್ತಿನ ದೊಡ್ಡ ದೊಡ್ಡ ಸಾಫ್ಟ್‌ವೇರ್ ಕಂಪನಿಗಳಿಗೂ ಕಷ್ಟದ ಕೆಲಸವೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ರೈತರಿಗೆ ಅದು ಪರಿಹಾರದ ಹಣ, ಸಾಲ, ಬಾಡಿಗೆ ಮತ್ತು ಮಕ್ಕಳ ಪಾಲಿನ ಪ್ರಶ್ನೆಯೂ ಹೌದು. ಹಾಗಾಗಿ ಇದನ್ನು ಬಿಡಿಸಿ ನೋಡೋಣ.

ನಿಯಮ ಅಂದರೇನು, ತಂತ್ರಾಂಶ ಅಂದರೇನು?

ಒಂದು ದತ್ತಾಂಶ ವ್ಯವಸ್ಥೆ ಹೇಗೆ ನಡೆಯಬೇಕು ಎಂದು ಮೊದಲೇ ಬರೆದಿಡುವ ವಿವರಣೆಗೆ ತಂತ್ರಜ್ಞರು ಸ್ಪೆಸಿಫಿಕೇಶನ್ ಎನ್ನುತ್ತಾರೆ. ಯಾರು ಅರ್ಜಿ ಕೊಡಬಹುದು, ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ, ಯಾವುದು ಯಾವತ್ತೂ ಆಗಲೇಬಾರದು, ಇವೆಲ್ಲ ಅದರಲ್ಲಿರುತ್ತವೆ. ಅದನ್ನು ನೋಡಿಕೊಂಡು ಬರೆದ ಪ್ರೋಗ್ರಾಂ ಅದರ ಅನುಷ್ಠಾನ. ಎರಡು ಕಂಪ್ಯೂಟರ್‌ಗಳು ಪರಸ್ಪರ ಮಾಹಿತಿ ಕೊಟ್ಟು ಪಡೆಯುವಾಗ ಪಾಲಿಸುವ ಕಟ್ಟಳೆಗೆ ಪ್ರೋಟೋಕಾಲ್ ಎಂದು ಹೆಸರು.

ಮದುವೆ ಮನೆಯ ಅಡುಗೆಯ ಹೋಲಿಕೆ ತೆಗೆದುಕೊಳ್ಳಿ. ಮನೆಯವರು ಬರೆದುಕೊಟ್ಟ ಚೀಟಿ ನಿಯಮ. ಅಡುಗೆಯವರು ಮಾಡಿದ್ದು ಅನುಷ್ಠಾನ. ಚೀಟಿಯಲ್ಲಿ 500 ಜನ ಎಂದಿದ್ದು ಮನೆಯವರು ಆಮೇಲೆ ಬಾಯಲ್ಲಿ 700 ಎಂದು ಹೇಳಿರಬಹುದು. ಚೀಟಿಯಲ್ಲಿ ಇಲ್ಲದ್ದನ್ನು ಅಡುಗೆಯವರು ತಮ್ಮ ಅನುಭವದಿಂದ ಸೇರಿಸಿರಬಹುದು. ಎಲೆಯ ಮುಂದೆ ಕೂತವನಿಗೆ ಚೀಟಿ ಕಾಣಿಸುವುದಿಲ್ಲ, ಬಡಿಸಿದ್ದು ಮಾತ್ರ ಕಾಣಿಸುತ್ತದೆ. ಪಹಣಿಯ ಪ್ರತಿ ಕೈಗೆ ಬಂದಾಗ ನಾವೂ ಹಾಗೆಯೇ. ಹಿಂದಿನ ನಿಯಮವೂ ಕಾಣದು, ಪ್ರೋಗ್ರಾಂ ಕೂಡ ಕಾಣದು.

ಪಹಣಿಯ ಹಿಂದಿರುವ ನಿಯಮ

ಕರ್ನಾಟಕದಲ್ಲಿ ಜಮೀನು ದಾಖಲೆಯ ನಿಯಮ ಇರುವುದು 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಮತ್ತು 1966ರ ನಿಯಮಾವಳಿಯಲ್ಲಿ. ನಾವು ಪಹಣಿ ಅಥವಾ ಆರ್‌ಟಿಸಿ ಎನ್ನುವುದು ಆ ನಿಯಮಾವಳಿಯ ನಮೂನೆ 16.

ಒಬ್ಬರಿಂದ ಇನ್ನೊಬ್ಬರಿಗೆ ಖಾತೆ ಬದಲಾಗುವ ಹೆಜ್ಜೆಗಳನ್ನು ಕಾಯ್ದೆ ಹೀಗೆ ಹೇಳುತ್ತದೆ. ಕ್ರಯ, ವಿಭಾಗ, ದಾನ ಅಥವಾ ವಾರಸಾ ಮೂಲಕ ಹಕ್ಕು ಬಂದವರು ಅದನ್ನು ಕಂದಾಯ ಇಲಾಖೆಗೆ ವರದಿ ಮಾಡಬೇಕು. ಇದು 128ನೇ ಕಲಂ. ನೋಂದಣಿಯಾದ ಪತ್ರವಾದರೆ ಉಪನೋಂದಣಾಧಿಕಾರಿ ಕಚೇರಿಯೇ ಮಾಹಿತಿ ಕಳಿಸಬೇಕು. ನಂತರ 129ನೇ ಕಲಂ. ಮ್ಯುಟೇಶನ್ ವಹಿಯಲ್ಲಿ ನಮೂದು ಆಗಬೇಕು, ಊರಲ್ಲಿ ನೋಟಿಸ್ ಅಂಟಿಸಬೇಕು, ಸಂಬಂಧಪಟ್ಟವರಿಗೆ ತಿಳಿಸಬೇಕು, ಆಕ್ಷೇಪಣೆಗೆ ಕಾಯಬೇಕು. ಆಕ್ಷೇಪಣೆ ಬಂದರೆ ಅದು ತಕರಾರು ವಹಿಗೆ ಹೋಗಿ ವಿಚಾರಣೆಯಾಗಬೇಕು. ಬರದಿದ್ದರೆ ಅಧಿಕಾರಿ ಪ್ರಮಾಣೀಕರಿಸಬೇಕು. ಇಷ್ಟೆಲ್ಲ ಆದ ಮೇಲೆ ಮಾತ್ರ ಪಹಣಿಯ ಹೆಸರು ಬದಲಾಗಬೇಕು.

ಒಬ್ಬ ತಂತ್ರಜ್ಞನ ಕಣ್ಣಿಗೆ ಇದು ಅಪ್ಪಟ ಸ್ಪೆಸಿಫಿಕೇಶನ್. ‘ನೋಟಿಸ್ ಆಗದೆ ಪ್ರಮಾಣೀಕರಣ ಆಗಬಾರದು’, ‘ತಕರಾರು ಬಾಕಿ ಇರುವಾಗ ಹೆಸರು ಬದಲಾಗಬಾರದು’, ‘ಪ್ರಮಾಣೀಕರಣವಿಲ್ಲದೆ ಪಹಣಿ ಬದಲಾಗಬಾರದು’ ಎಂಬ ಮೂರು ‘ಆಗಬಾರದು’ಗಳು ಇದರಲ್ಲಿವೆ. ಇವು ಎಂದೂ ಮುರಿಯದಂತೆ ಪ್ರೋಗ್ರಾಂ ಬರೆಯಬೇಕು.

ಇದೇ ಕಾಯ್ದೆಯ 133ನೇ ಕಲಂ ಇನ್ನೊಂದು ಮುಖ್ಯ ಮಾತು ಹೇಳುತ್ತದೆ. ಹಕ್ಕು ದಾಖಲೆಯಲ್ಲಿನ ನಮೂದನ್ನು, ಅದಕ್ಕೆ ವಿರುದ್ಧವಾದದ್ದು ರುಜುವಾತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಹೊಸ ನಮೂದು ಬರುವವರೆಗೆ, ನಿಜವೆಂದು ಭಾವಿಸಬೇಕು. ಇಲ್ಲಿ ‘ಭಾವಿಸಬೇಕು’ ಎಂಬ ಪದಕ್ಕೆ ತೂಕವಿದೆ. ಪಹಣಿ ಕೊನೆಯ ತೀರ್ಪು ಎಂದು ಕಾನೂನು ಎಲ್ಲೂ ಹೇಳಿಲ್ಲ.

‘ಭೂಮಿ’ ಬಂದ ಮೇಲೆ ಏನು ಸರಿಯಾಯಿತು?

ಮೊದಲು ಪಹಣಿ ಇದ್ದದ್ದು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ. ಆಗ ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು. ಅಂದರೆ ಒಂದೇ ನಿಯಮವನ್ನು 9,000 ಜನ ತಂತಮ್ಮ ರೀತಿಯಲ್ಲಿ ನಡೆಸುತ್ತಿದ್ದರು. ಅರ್ಜಿಗಳು ಸರದಿ ಬಿಟ್ಟು ಹೋಗುವುದು, ಪುಟ ತಿದ್ದುವುದು, ಪ್ರತಿಗಾಗಿ ಅಲೆಸುವುದು, ಇವೆಲ್ಲ ಹಳ್ಳಿಯ ಹಿರಿಯರಿಗೆ ಗೊತ್ತಿರುವ ಸಂಗತಿಗಳೇ.

ಎನ್‌ಐಸಿ ರೂಪಿಸಿದ ‘ಭೂಮಿ’ ತಂತ್ರಾಂಶ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ ಪ್ರಯೋಗವಾಗಿ ಶುರುವಾಯಿತು. 2000ದ ದಶಕದ ಆರಂಭದಲ್ಲಿ ರಾಜ್ಯದ ಎಲ್ಲ ತಾಲೂಕುಗಳಿಗೂ ಹಬ್ಬಿತು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಬಂದವು. 15 ರೂಪಾಯಿಗೆ ತಾಲೂಕು ಕಚೇರಿಯ ಕಿಟಕಿಯಲ್ಲಿ ಪ್ರತಿ ಸಿಗತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದಿದೆ. ಕೆಲವು ನಿಯಮಗಳನ್ನು ಈ ತಂತ್ರಾಂಶದ ಒಳಗೇ ಕೂರಿಸಲಾಯಿತು. ಮೊದಲು ಬಂದ ಅರ್ಜಿ ಮೊದಲು, ಸರದಿ ದಾಟಲು ಪ್ರೋಗ್ರಾಂ ಬಿಡುವುದಿಲ್ಲ. ಆಗ 30 ದಿನಗಳಷ್ಟಿದ್ದ ನೋಟಿಸ್ ಅವಧಿ ಮುಗಿಯದೆ ಮುಂದಿನ ಹೆಜ್ಜೆ ತೆರೆಯುವುದಿಲ್ಲ. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು, ಹಾಗಾಗಿ ಯಾವ ಬದಲಾವಣೆ ಯಾರದ್ದೆಂದು ದಾಖಲಾಗುತ್ತದೆ. ನಿಯಮ ಪುಸ್ತಕದಲ್ಲಿ ಮಾತ್ರ ಇದ್ದರೆ ಮುರಿಯುವುದು ಸುಲಭ. ಪ್ರೋಗ್ರಾಂನಲ್ಲಿ ಕೂತರೆ ಮುರಿಯುವುದು ಕಷ್ಟ. ಇದು ದೊಡ್ಡ ಲಾಭ. ಆದರೆ ಇದರ ಇನ್ನೊಂದು ಮುಖವೂ ಇದೆ. ಪ್ರೋಗ್ರಾಂನಲ್ಲಿ ನಿಯಮ ತಪ್ಪಾಗಿ ಕೂತರೆ ಆ ತಪ್ಪೂ ಅಷ್ಟೇ ಗಟ್ಟಿಯಾಗಿ, ಎಲ್ಲ ತಾಲೂಕುಗಳಲ್ಲೂ ಒಂದೇ ಸಲ ನಡೆಯುತ್ತದೆ.

ತಾಳೆ ತಪ್ಪುವುದು ಎಲ್ಲೆಲ್ಲಿ?

*ಒಂದು: ಹಳೆಯ ತಪ್ಪಿನ ಹೊಸ ಪ್ರತಿ.* ಕಂಪ್ಯೂಟರ್‌ಗೆ ಹತ್ತಿದ್ದು ಕೈಬರಹದ ಪಹಣಿ. ಅಲ್ಲಿ ‘ಹನುಮಂತಪ್ಪ’ ‘ಹನುಮಂತರಾಯಪ್ಪ’ ಆಗಿದ್ದರೆ ಇಲ್ಲಿಯೂ ಹಾಗೆಯೇ. ಎರಡು ಗುಂಟೆ ಬಿಟ್ಟುಹೋಗಿದ್ದರೆ ಇಲ್ಲಿಯೂ ಇಲ್ಲ. ಮುದ್ರಿತ ಅಕ್ಷರ ನೋಡಿದಾಗ ನಮಗೆ ನಂಬಿಕೆ ಹೆಚ್ಚುತ್ತದೆ. ಆದರೆ ಅಚ್ಚುಕಟ್ಟಾಗಿ ಮುದ್ರಿಸಿದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ.

*ಎರಡು: ಕಾಲಂ 3 ಮತ್ತು ಕಾಲಂ 9.* ನಿಮ್ಮ ಪಹಣಿ ತೆಗೆದು ನೋಡಿ. ಕಾಲಂ 3ರಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಅದರಲ್ಲಿ ಖರಾಬು ಎಷ್ಟು, ಉಳಿದದ್ದು ಎಷ್ಟು ಎಂದಿರುತ್ತದೆ. ಕಾಲಂ 9ರಲ್ಲಿ ಸ್ವಾಧೀನದಾರರ ಹೆಸರು ಮತ್ತು ಒಬ್ಬೊಬ್ಬರಿಗೂ ಎಷ್ಟು ಎಂಬುದು. ಕಾಲಂ 9ರ ಎಲ್ಲರ ಪಾಲು ಕೂಡಿದರೆ ಕಾಲಂ 3ರಲ್ಲಿ ಖರಾಬು ಕಳೆದು ಉಳಿದ ವಿಸ್ತೀರ್ಣಕ್ಕೆ ಸರಿಹೋಗಬೇಕು. ಯಾರು ಮಾರಲಿ, ಯಾರು ಕೊಳ್ಳಲಿ, ಈ ಮೊತ್ತ ಕದಲಬಾರದು. ಜಮೀನು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಇಷ್ಟು ಸರಳ ನಿಯಮವೂ ತಪ್ಪುವುದು ಹೇಗೆ? ಪಹಣಿಯಲ್ಲಿ ಅಳತೆ ಎಕರೆ, ಗುಂಟೆ, ಆಣೆಯಲ್ಲಿ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಅಣ್ಣನಿಗೆ 1.30, ತಮ್ಮನಿಗೆ 1.30 ಎಂದಿದ್ದರೆ ಒಟ್ಟು ಎಷ್ಟು? ಮೊಬೈಲ್‌ನ ಕ್ಯಾಲ್ಕುಲೇಟರ್ 2.60 ಎನ್ನುತ್ತದೆ. ರೈತ 3 ಎಕರೆ 20 ಗುಂಟೆ ಎನ್ನುತ್ತಾನೆ. ರೈತನೇ ಸರಿ. ಇಲ್ಲಿ ಚುಕ್ಕೆ ಇರುವುದು ದಶಮಾಂಶಕ್ಕಲ್ಲ, ಎಕರೆ ಮತ್ತು ಗುಂಟೆಯನ್ನು ಬೇರ್ಪಡಿಸಲು. ಊರಿನ ಲೆಕ್ಕ ಗೊತ್ತಿಲ್ಲದ ಒಬ್ಬ ಪ್ರೋಗ್ರಾಮರ್‌ಗೆ ನಿಯಮ ಬರೆದುಕೊಡುವವರು ಇಷ್ಟನ್ನು ಹೇಳದೆ ಬಿಟ್ಟರೆ ಏನಾದೀತು ಎಂದು ಊಹಿಸಿ. ಪ್ರೋಗ್ರಾಂ ಎಲ್ಲೂ ನಿಲ್ಲುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ, ತಣ್ಣಗೆ ತಪ್ಪು ಲೆಕ್ಕ ಮಾಡುತ್ತಾ ಹೋಗುತ್ತದೆ.

ಹಳೆಯ ವಿಭಾಗಗಳಲ್ಲಿ ಪಾಲು ಸರಿಯಾಗಿ ಬರೆಯದೆ ‘ಜಂಟಿ’ ಎಂದು ಬಿಟ್ಟದ್ದು, ಪೋಡಿ ಆಗದೆ ಉಳಿದದ್ದು, ಸರ್ವೆ ಇಲಾಖೆಯ ಆಕಾರ್‌ಬಂದ್‌ನಲ್ಲಿ ಒಂದು ವಿಸ್ತೀರ್ಣ, ಪಹಣಿಯಲ್ಲಿ ಇನ್ನೊಂದು ಇದ್ದದ್ದು, ಇವೂ ಈ ಮೊತ್ತ ತಪ್ಪಲು ಕಾರಣ. ಕಂದಾಯ ಅದಾಲತ್‌ಗಳಲ್ಲಿ ‘3 ಮತ್ತು 9 ತಾಳೆ ಇಲ್ಲ’ ಎಂಬ ಮಾತು ಪದೇ ಪದೇ ಕೇಳಿಬರುವುದು ಇದಕ್ಕೇ.

*ಮೂರು: ಎರಡು ಕಚೇರಿ, ಎರಡು ಕಂಪ್ಯೂಟರ್.* ಕ್ರಯಪತ್ರ ನೋಂದಣಿಯಾಗುವುದು ಉಪನೋಂದಣಾಧಿಕಾರಿ ಕಚೇರಿಯ ‘ಕಾವೇರಿ’ ತಂತ್ರಾಂಶದಲ್ಲಿ. ಪಹಣಿ ಇರುವುದು ‘ಭೂಮಿ’ಯಲ್ಲಿ. ನಕ್ಷೆಯ ಅರ್ಜಿ ‘ಮೋಜಿಣಿ’ಯಲ್ಲಿ. ರೈತರ ನೋಂದಣಿ ‘ಫ್ರೂಟ್ಸ್’ನಲ್ಲಿ. ಕಾವೇರಿಯಲ್ಲಿ ನಡೆದದ್ದು ಭೂಮಿಗೆ ತಿಳಿಯುವುದು ‘ಜೆ ಸ್ಲಿಪ್’ ಮೂಲಕ. ಹಿಂದೆ ಅದು ಕಾಗದದಲ್ಲಿ ಹೋಗುತ್ತಿತ್ತು, ಈಗ ಆನ್‌ಲೈನ್‌ನಲ್ಲಿ ಹೋಗುತ್ತದೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಒಬ್ಬರು ತಮ್ಮ 2 ಎಕರೆಯನ್ನು ಸೋಮವಾರ ಒಬ್ಬರಿಗೆ ಮಾರಿದರು. ಪತ್ರ ನೋಂದಣಿಯಾಯಿತು. ಆದರೆ ನೋಟಿಸ್ ಅವಧಿ ಮುಗಿಯುವವರೆಗೆ ಪಹಣಿಯಲ್ಲಿ ಅವರ ಹೆಸರೇ ಇದೆ. ಗುರುವಾರ ಅದೇ ಪಹಣಿ ತೋರಿಸಿ ಇನ್ನೊಬ್ಬರ ಹತ್ತಿರ ಮುಂಗಡ ಪಡೆದರು. ಕೊಳ್ಳುವವರು ಪಹಣಿ ನೋಡಿದರು, ಹೆಸರು ಸರಿಯಾಗಿಯೇ ಇದೆ. ಭೂಮಿ ತನ್ನ ನಿಯಮದಂತೆ ಸರಿಯಾಗಿದೆ, ಕಾವೇರಿಯೂ ತನ್ನ ನಿಯಮದಂತೆ ಸರಿಯಾಗಿದೆ. ಎರಡೂ ಸೇರಿದಾಗ ನಡುವೆ ಒಂದು ಸಂದು ಉಳಿಯಿತು. ದತ್ತಾಂಶ ಪ್ರೋಟೋಕಾಲ್‌ಗಳಲ್ಲಿ ಕಾಣುವ ಅತ್ಯಂತ ಕಷ್ಟದ ದೋಷಗಳು ಇಂಥವೇ. ಬಿಡಿಬಿಡಿಯಾಗಿ ನೋಡಿದರೆ ಯಾವ ಭಾಗವೂ ತಪ್ಪಿಲ್ಲ, ಕೂಡಿಸಿ ನೋಡಿದರೆ ಮಾತ್ರ ತಪ್ಪು ಕಾಣುತ್ತದೆ. ಕಾವೇರಿ ಮತ್ತು ಭೂಮಿಯನ್ನು ಜೋಡಿಸಿ, ನೋಂದಣಿ ವೇಳೆಯೇ ಪಹಣಿಯ ವಿವರ ತಾಳೆ ನೋಡುವ ವ್ಯವಸ್ಥೆ ತಂದದ್ದು ಈ ಸಂದನ್ನು ಕಿರಿದು ಮಾಡಲಿಕ್ಕೇ. ಪಹಣಿಯ ಜೊತೆ ಋಣಭಾರ ಪ್ರಮಾಣಪತ್ರವನ್ನೂ ನೋಡಿ ಎಂದು ವಕೀಲರು ಹೇಳುವುದೂ ಇದಕ್ಕೇ.

*ನಾಲ್ಕು: ನಿಯಮ ಬದಲಾದಾಗ.* ನೋಂದಾಯಿತ ಕ್ರಯಗಳಿಗೆ ನೋಟಿಸ್ ಅವಧಿಯನ್ನು ಇತ್ತೀಚಿನ ವರ್ಷಗಳಲ್ಲಿ ಬಹಳ ಕಡಿಮೆ ಮಾಡಲಾಗಿದೆ. ಇಂಥ ತಿದ್ದುಪಡಿ ಬಂದ ದಿನವೇ ತಂತ್ರಾಂಶವೂ ಬದಲಾಗಬೇಕು. ಬದಲಾಗುವ ಹೊತ್ತಿಗೆ ಅರ್ಧ ದಾರಿಯಲ್ಲಿರುವ ಅರ್ಜಿಗಳಿಗೆ ಹಳೆಯ ಅವಧಿಯೋ ಹೊಸದೋ ಎಂಬುದನ್ನೂ ಯಾರಾದರೂ ಬರೆದಿರಬೇಕು. ಇನ್ನೊಂದು ಪರಿಣಾಮವೂ ಇದೆ. ಅವಧಿ ಕಡಿಮೆಯಾದಷ್ಟೂ ಖಾತೆ ಬೇಗ ಆಗುತ್ತದೆ, ಮೇಲೆ ಹೇಳಿದ ಸಂದು ಕಿರಿದಾಗುತ್ತದೆ. ಅದೇ ಹೊತ್ತಿಗೆ, ಬೆಂಗಳೂರಲ್ಲಿ ಕೂಲಿಗೆ ಹೋದ ತಮ್ಮನಿಗೆ ನೋಟಿಸ್ ಕಂಡು ಆಕ್ಷೇಪಣೆ ಹಾಕಲು ಸಿಗುವ ಸಮಯವೂ ಕಡಿಮೆಯಾಗುತ್ತದೆ.

*ಐದು: ಕಂಪ್ಯೂಟರ್‌ಗೆ ಯಾರೂ ಹೇಳದ ಸಂಗತಿ.* ತಂದೆ ತೀರಿಕೊಂಡರು. ಮಕ್ಕಳು ಪೌತಿ ಖಾತೆಗೆ ಅರ್ಜಿ ಹಾಕಲಿಲ್ಲ. ತಂತ್ರಾಂಶದ ಪ್ರಕಾರ ತಂದೆಯೇ ಇನ್ನೂ ಹಿಡುವಳಿದಾರ. ಇಲ್ಲಿ ನಿಯಮವೂ ಸರಿ, ತಂತ್ರಾಂಶವೂ ಸರಿ, ದಾಖಲೆ ಮಾತ್ರ ಊರಿನ ನಿಜಕ್ಕೆ ದೂರ. ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿಗಳು ಹೀಗೆ ತೀರಿಕೊಂಡವರ ಹೆಸರಿನಲ್ಲೇ ಉಳಿದಿರುವ ಕಾರಣಕ್ಕೇ ಸರ್ಕಾರ ಪೌತಿ ಖಾತೆ ಅಭಿಯಾನ ನಡೆಸುತ್ತಿದೆ.

ದೊಡ್ಡ ಕಂಪನಿಗಳು ಏನು ಮಾಡುತ್ತವೆ?

ಇದು ಸರ್ಕಾರಿ ತಂತ್ರಾಂಶದ ಸಮಸ್ಯೆ ಮಾತ್ರ ಎಂದು ತಿಳಿಯಬೇಡಿ. ನಿಯಮವನ್ನು ಗಣಿತದ ಭಾಷೆಯಲ್ಲಿ ಬರೆದು, ಅದರಲ್ಲಿ ಎಲ್ಲಿ ಸಂದಿದೆ ಎಂದು ಕಂಪ್ಯೂಟರ್‌ನಿಂದಲೇ ಹುಡುಕಿಸುವ ವಿಧಾನಗಳಿವೆ. ಅವುಗಳಲ್ಲಿ ಹೆಸರಾದದ್ದು ಟಿಎಲ್‌ಎ ಪ್ಲಸ್. ಇದನ್ನು ರೂಪಿಸಿದ ಲೆಸ್ಲಿ ಲ್ಯಾಂಪೋರ್ಟ್ ಅವರಿಗೆ 2013ರ ಟ್ಯೂರಿಂಗ್ ಪ್ರಶಸ್ತಿ ಬಂದಿದೆ.

ಅಮೆಜಾನ್ ಕಂಪನಿಯ ಎಂಜಿನಿಯರ್‌ಗಳು 2011ರಿಂದ ತಮ್ಮ ಕ್ಲೌಡ್ ಸೇವೆಗಳಿಗೆ ಇದನ್ನು ಬಳಸತೊಡಗಿದರು. ಅವರ ಡೈನಮೊಡಿಬಿ ಎಂಬ ದತ್ತಾಂಶ ವ್ಯವಸ್ಥೆಯಲ್ಲಿ ಒಂದು ದೋಷ ಸಿಕ್ಕಿತು. ಆ ದೋಷ ಕಾಣಿಸಿಕೊಳ್ಳಬೇಕಾದರೆ ಕನಿಷ್ಠ 35 ಹೆಜ್ಜೆಗಳು ಒಂದು ನಿರ್ದಿಷ್ಟ ಕ್ರಮದಲ್ಲೇ ನಡೆಯಬೇಕಿತ್ತು. ಮನುಷ್ಯರು ಕೂತು ಯೋಚಿಸಿ ಹಿಡಿಯುವಂಥದ್ದಲ್ಲ ಅದು.

ಆದರೆ ನಿಯಮ ಸರಿಯಿದೆ ಎಂದು ಸಾಬೀತಾದರೆ ಕೆಲಸ ಅರ್ಧ ಮಾತ್ರ ಆದಂತೆ. ಬರೆದ ಪ್ರೋಗ್ರಾಂ ಆ ನಿಯಮದಂತೆಯೇ ನಡೆಯುತ್ತಿದೆಯೇ? ಮೊಂಗೋಡಿಬಿ ಎಂಬ ಇನ್ನೊಂದು ದತ್ತಾಂಶ ಕಂಪನಿಯ ಎಂಜಿನಿಯರ್‌ಗಳು ಇದನ್ನು ಎರಡು ರೀತಿಯಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಬಂಧ ಪ್ರಕಟಿಸಿದರು.

ಮೊದಲ ರೀತಿ, ನಡೆದದ್ದನ್ನು ಹಿಂದಿನಿಂದ ಓದುವುದು. ಪ್ರೋಗ್ರಾಂ ಓಡುವಾಗ ಪ್ರತಿ ಹೆಜ್ಜೆಯನ್ನೂ ದಿನಚರಿಯಂತೆ ಬರೆದಿಟ್ಟುಕೊಂಡು, ನಂತರ ಒಂದೊಂದನ್ನೂ ನಿಯಮದ ಪಕ್ಕ ಇಟ್ಟು ನೋಡುವುದು. ಸರ್ಕಾರಿ ಕಚೇರಿಯ ಲೆಕ್ಕ ತಪಾಸಣೆ ಇದ್ದಂತೆ. ಈ ಪ್ರಯತ್ನವನ್ನು ಅವರು ಕೈಬಿಡಬೇಕಾಯಿತು. ಕಾರಣ ಕೇಳಿದರೆ ನಮ್ಮ ಕಂದಾಯ ಕಚೇರಿಯೇ ನೆನಪಾಗುತ್ತದೆ. ನಿಯಮ ಬರೆಯುವಾಗ ಸರಳವಾಗಿರಲೆಂದು ಹಲವು ವಿವರ ಬಿಟ್ಟಿದ್ದರು. ಒಂದು ಸಮಯಕ್ಕೆ ಒಂದೇ ಕಂಪ್ಯೂಟರ್ ಮುಖ್ಯಸ್ಥನಾಗಿರುತ್ತದೆ ಎಂದು ನಿಯಮ ಹೇಳಿತ್ತು. ನಿಜದಲ್ಲಿ ಅಧಿಕಾರ ಬದಲಾಗುವಾಗ ಸ್ವಲ್ಪ ಹೊತ್ತು ಎರಡು ಕಂಪ್ಯೂಟರ್‌ಗಳು ತಾವೇ ಮುಖ್ಯಸ್ಥರೆಂದುಕೊಂಡಿರಬಹುದಿತ್ತು. ನಿಯಮವನ್ನೂ ಕೋಡನ್ನೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಬರೆದರೆ ಆಮೇಲೆ ಹೊಂದಿಸುವುದು ಕಷ್ಟ ಎಂಬುದು ಇಲ್ಲಿನ ಪಾಠ.

ಎರಡನೇ ರೀತಿ ಗೆದ್ದಿತು. ನೆಟ್‌ವರ್ಕ್ ಇಲ್ಲದಾಗ ಎರಡು ಫೋನ್‌ಗಳಲ್ಲಿ ಒಂದೇ ಪಟ್ಟಿಯನ್ನು ತಿದ್ದಿದರೆ, ನೆಟ್‌ವರ್ಕ್ ಬಂದಾಗ ಎರಡನ್ನೂ ಹೇಗೆ ಸೇರಿಸಬೇಕು ಎಂಬ ನಿಯಮ ಅದು. ಆ ನಿಯಮದಿಂದಲೇ, ಎದುರಾಗಬಹುದಾದ ಸಂದರ್ಭಗಳನ್ನು ಕಂಪ್ಯೂಟರ್‌ನಿಂದ ಪಟ್ಟಿ ಮಾಡಿಸಿ 4,913 ಪರೀಕ್ಷೆಗಳನ್ನು ತಯಾರಿಸಿದರು. ಸೇರಿಸುವ ಕೋಡ್‌ನ ಯಾವ ಕವಲೂ ಪರೀಕ್ಷೆಯಿಂದ ಹೊರಗುಳಿಯಲಿಲ್ಲ. ನಿಯಮ ಬರೆಯುವ ಹಂತದಲ್ಲೇ, ಎರಡು ಬದಲಾವಣೆಗಳು ಎದುರಾದಾಗ ಸೇರಿಸುವ ಕೆಲಸ ಕೊನೆಯಿಲ್ಲದೆ ಸುತ್ತುತ್ತಲೇ ಇರುವ ಒಂದು ದೋಷವೂ ಸಿಕ್ಕಿತು.

ಇದರಿಂದ ನಾವು ತಿಳಿಯಬೇಕಾದದ್ದು ಮೂರು. ನಿಯಮವನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಬರೆಯಬೇಕು. ನಿಯಮ ಬದಲಾದಾಗ ಕೋಡ್, ಕೋಡ್ ಬದಲಾದಾಗ ನಿಯಮ, ಎರಡೂ ಒಟ್ಟಿಗೆ ಬದಲಾಗಬೇಕು. ತಾಳೆ ನೋಡುವುದು ಒಂದು ದಿನದ ಕೆಲಸವಾಗದೆ, ದಿನನಿತ್ಯದ ಕೆಲಸವಾಗಬೇಕು.

ಮಧುಗಿರಿ ಉಪವಿಭಾಗದಲ್ಲಿ ಇದು ಯಾಕೆ ಮುಖ್ಯ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲೂಕುಗಳು ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಕಂದಾಯ ಉಪವಿಭಾಗ. ಇಲ್ಲಿ ಪಹಣಿಯ ಒಂದು ಸಾಲು ತಪ್ಪಾದರೆ ಎಷ್ಟು ನಷ್ಟ ಎಂಬುದಕ್ಕೆ ಉದಾಹರಣೆಗಳು ಕಣ್ಣೆದುರೇ ಇವೆ.

ಪಾವಗಡದ ಸೌರ ಉದ್ಯಾನ 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ಅದಕ್ಕೆ ಹೋಗಿದೆ. ಇಲ್ಲಿ ಜಮೀನನ್ನು ಸ್ವಾಧೀನ ಮಾಡಿಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಶುರುವಿನಲ್ಲಿ ವರ್ಷಕ್ಕೆ ಎಕರೆಗೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಗುತ್ತಿಗೆ ಒಪ್ಪಂದ ಆಗುವುದು ದಾಖಲೆಯಲ್ಲಿ ಹೆಸರಿದ್ದವರ ಜೊತೆ. ಹಾಗಾದರೆ 2 ಎಕರೆ ಉಳುತ್ತಿದ್ದು ಪಹಣಿಯಲ್ಲಿ ಹೆಸರಿಲ್ಲದ ಕುಟುಂಬಕ್ಕೆ ವರ್ಷಕ್ಕೆ 42,000 ರೂಪಾಯಿಯ ಪ್ರಶ್ನೆ ಅದು, ಅದೂ ದಶಕಗಳ ಕಾಲ.

ತುಮಕೂರು–ರಾಯದುರ್ಗ ರೈಲು ಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡ ತಾಲೂಕುಗಳನ್ನು ಹಾದು ಹೋಗುತ್ತದೆ. ತುಮಕೂರು–ದಾವಣಗೆರೆ ಮಾರ್ಗ ಶಿರಾ ಮೂಲಕ. ಭೂಸ್ವಾಧೀನದ ಪರಿಹಾರಕ್ಕೆ ಅಧಿಕಾರಿಗಳು ಮೊದಲು ತೆಗೆಯುವುದು ಪಹಣಿಯನ್ನು. ಅಣ್ಣತಮ್ಮಂದಿರ ಪಾಲು ಅದರಲ್ಲಿ ತಪ್ಪಿದ್ದರೆ ಹಣ ಸಿಗುವ ಮೊದಲು ವ್ಯಾಜ್ಯ ಶುರುವಾಗುತ್ತದೆ.

2023ರ ಬರಗಾಲದಲ್ಲಿ ಬೆಳೆನಷ್ಟ ಪರಿಹಾರ ಫ್ರೂಟ್ಸ್ ದತ್ತಾಂಶದ ಆಧಾರದ ಮೇಲೆ ರೈತರ ಬ್ಯಾಂಕ್ ಖಾತೆಗೆ ಹೋಯಿತು. ಫ್ರೂಟ್ಸ್‌ಗೆ ಜಮೀನಿನ ವಿವರ ಬರುವುದು ಪಹಣಿಯಿಂದ. ಪಹಣಿ ತೀರಿಕೊಂಡ ತಂದೆಯ ಹೆಸರಿನಲ್ಲಿದ್ದರೆ ಮಗನ ಎಫ್‌ಐಡಿಗೆ ಆ ಜಮೀನು ಸೇರುವುದು ಹೇಗೆ? ಒಂದು ಕಡೆ ಬಿದ್ದ ತಪ್ಪು ಜೋಡಣೆಯಾದ ಎಲ್ಲ ಕಡೆಗೂ ಹರಿಯುತ್ತದೆ.

ಪಾವಗಡಕ್ಕೆ ಇನ್ನೊಂದು ವಿಶೇಷವಿದೆ. ಈ ತಾಲೂಕನ್ನು ಬಹುಪಾಲು ಆಂಧ್ರಪ್ರದೇಶ ಸುತ್ತುವರಿದಿದೆ. ಒಂದೇ ಕುಟುಂಬಕ್ಕೆ ಗಡಿಯ ಆಚೆ ಈಚೆ ಎರಡೂ ಕಡೆ ಜಮೀನಿರುವುದು ಅಪರೂಪವಲ್ಲ. ಈಚೆ ‘ಭೂಮಿ’ಯ ಪಹಣಿ, ಆಚೆ ‘ಮೀ ಭೂಮಿ’ಯ ಅಡಂಗಲ್ ಮತ್ತು 1-ಬಿ. ಈಚೆಯ ಕಾಲಂ ಸಂಖ್ಯೆ, ಅವಧಿ, ಮೇಲ್ಮನವಿಯ ನಿಯಮ ಆಚೆಗೆ ಅನ್ವಯಿಸುವುದಿಲ್ಲ. ತೆಲುಗು ಗುಂಪಿನಿಂದ ಬಂದ ಸಂದೇಶವನ್ನು ಕನ್ನಡದ ಗುಂಪಿಗೆ ಹಾಕುವ ಮೊದಲು ಅದು ಯಾವ ರಾಜ್ಯದ ನಿಯಮ ಎಂದು ನೋಡಬೇಕು.

ಹಾಗಾದರೆ ನಾಲ್ಕು ಸಂದೇಶಗಳ ಕಥೆ ಏನು?

*ಪಹಣಿಯಲ್ಲಿ ಹೆಸರಿದ್ದರೆ ಜಮೀನು ನಿಮ್ಮದೇ: ಅರ್ಧ ಸತ್ಯ.* ನಮೂದನ್ನು ನಿಜವೆಂದು ಭಾವಿಸಲಾಗುತ್ತದೆ, ಆದರೆ ತಪ್ಪೆಂದು ರುಜುವಾತು ಮಾಡಲು ಅವಕಾಶವಿದೆ. ಮ್ಯುಟೇಶನ್ ಕಂದಾಯದ ಉದ್ದೇಶಕ್ಕೆ ಇರುವಂಥದ್ದು, ಅದು ಒಡೆತನವನ್ನು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಒಡೆತನದ ತಕರಾರು ತೀರ್ಮಾನವಾಗುವುದು ಸಿವಿಲ್ ನ್ಯಾಯಾಲಯದಲ್ಲಿ.

*ಕಂಪ್ಯೂಟರ್ ತಪ್ಪು ಮಾಡದು: ತಪ್ಪು.* ಕಂಪ್ಯೂಟರ್ ತನಗೆ ಹೇಳಿದ್ದನ್ನು ಮಾಡುತ್ತದೆ. ಹೇಳಿದ್ದು, ತುಂಬಿದ್ದು ತಪ್ಪಿದ್ದರೆ ಉತ್ತರವೂ ತಪ್ಪೇ. ಪ್ರತಿ ತಪ್ಪಿನ ಹಿಂದೆಯೂ ಮೋಸವಿದೆ ಎಂಬುದೂ ಅಷ್ಟೇ ತಪ್ಪು. ಅಕ್ಷರ ತಪ್ಪು, ಹಳೆಯ ಪುಸ್ತಕದ ತಪ್ಪು, ಬಿಟ್ಟುಹೋದ ಅರ್ಜಿ, ಇವೇ ಹೆಚ್ಚಿನ ಸಲ ಕಾರಣವಾಗಿರಬಹುದು.

*ಒಮ್ಮೆ ಹತ್ತಿದ್ದನ್ನು ತಿದ್ದಲಾಗದು: ತಪ್ಪು.* ತಿದ್ದುವ ದಾರಿಯೂ ಅದೇ ಕಾಯ್ದೆಯಲ್ಲಿದೆ. ಅದನ್ನು ಮುಂದೆ ನೋಡೋಣ.

*ಆಧಾರ್ ಜೋಡಿಸದಿದ್ದರೆ ಜಮೀನು ಸರ್ಕಾರದ ಪಾಲು: ತಪ್ಪು.* ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಿರುವುದು ನಿಜ. ಬೇರೆಯವರು ನಿಮ್ಮ ಹೆಸರಿನಲ್ಲಿ ವಹಿವಾಟು ಮಾಡುವುದನ್ನು ತಡೆಯಲು, ತೀರಿಕೊಂಡವರ ಪಹಣಿ ಗುರುತಿಸಲು ಅದು ಉಪಯುಕ್ತ. ಆದರೆ ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎಂದು ಸಂವಿಧಾನದ 300-ಎ ವಿಧಿ ಹೇಳುತ್ತದೆ. ಇಂಥ ಹೆದರಿಕೆಯ ಸಂದೇಶದ ಜೊತೆ ಒಂದು ಲಿಂಕ್ ಇದ್ದರೆ ಅದನ್ನು ಒತ್ತಬೇಡಿ, ಒಟಿಪಿ ಕೊಡಬೇಡಿ. ಊರಿನ ಗ್ರಾಮ ಆಡಳಿತಾಧಿಕಾರಿ ಅಥವಾ ನಾಡಕಚೇರಿಯಲ್ಲಿ ಕೇಳಿ.

ನೀವು ಮಾಡಬಹುದಾದ ತಾಳೆ

ತಂತ್ರಜ್ಞರು ಮಾಡುವ ಪರೀಕ್ಷೆಯನ್ನೇ ನೀವು ನಿಮ್ಮ ಒಂದು ಪಹಣಿಯ ಮಟ್ಟಿಗೆ ಮಾಡಬಹುದು. ಇದಕ್ಕೆ ಅರ್ಧ ಗಂಟೆ ಸಾಕು.

• ಕಾಲಂ 9ರ ಎಲ್ಲರ ಪಾಲನ್ನು 40 ಗುಂಟೆಗೆ ಒಂದು ಎಕರೆಯಂತೆ ಕೂಡಿ. ಕಾಲಂ 3ರಲ್ಲಿ ಖರಾಬು ಕಳೆದು ಉಳಿದದ್ದಕ್ಕೆ ಸರಿಯಿದೆಯೇ ನೋಡಿ.
• ಹೆಸರು, ತಂದೆಯ ಹೆಸರು ಆಧಾರ್ ಮತ್ತು ಕ್ರಯಪತ್ರದಲ್ಲಿ ಇರುವಂತೆಯೇ ಇದೆಯೇ ನೋಡಿ.
• ಕಾಲಂ 10ರಲ್ಲಿ ಹಕ್ಕು ಬಂದ ರೀತಿ ಮತ್ತು ಎಂ.ಆರ್. ನಂಬರ್ ಇರುತ್ತದೆ. ಆ ಮ್ಯುಟೇಶನ್ ಪ್ರತಿ ತೆಗೆಸಿ ನಿಮ್ಮ ಪತ್ರದ ಜೊತೆ ಹೋಲಿಸಿ.
• ಕಾಲಂ 11ರಲ್ಲಿ ಸಾಲ, ಇತರ ಹಕ್ಕುಗಳಿರುತ್ತವೆ. ತೀರಿಸಿದ ಸಾಲ ಇನ್ನೂ ಅಲ್ಲೇ ಇದೆಯೇ ಗಮನಿಸಿ.
• ಜಮೀನು ಕೊಳ್ಳುವವರಾದರೆ ಪಹಣಿ ಒಂದನ್ನೇ ನಂಬಬೇಡಿ. ಋಣಭಾರ ಪ್ರಮಾಣಪತ್ರ ಮತ್ತು ನಕ್ಷೆಯನ್ನೂ ನೋಡಿ.

ತಪ್ಪು ಕಂಡರೆ ಮೊದಲು ತಾಲೂಕು ಕಚೇರಿಯಲ್ಲಿ ತಿದ್ದುಪಡಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮ್ಯುಟೇಶನ್ ನೋಟಿಸ್ ಅವಧಿ ಇನ್ನೂ ಮುಗಿದಿಲ್ಲವಾದರೆ ಲಿಖಿತ ಆಕ್ಷೇಪಣೆ ಹಾಕಿ. ಬಾಯಲ್ಲಿ ಹೇಳಿದ್ದು ತಂತ್ರಾಂಶಕ್ಕೆ ಕೇಳಿಸುವುದಿಲ್ಲ. ಪ್ರಮಾಣೀಕರಣ ಆಗಿಹೋಗಿದ್ದರೆ 136(2)ನೇ ಕಲಂ ಅಡಿ, ಆದೇಶ ತಲುಪಿದ ಅಥವಾ ನಮೂದು ತಿಳಿದ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಈ ನಾಲ್ಕು ತಾಲೂಕುಗಳವರಿಗೆ ಅದು ಮಧುಗಿರಿಯ ಉಪವಿಭಾಗಾಧಿಕಾರಿ ಕಚೇರಿ. ಅದರ ಮೇಲೆ 136(3)ರಡಿ ಜಿಲ್ಲಾಧಿಕಾರಿಯವರಿಗೆ ಪುನರ್‌ಪರಿಶೀಲನೆಯ ಅಧಿಕಾರವಿದೆ.

ನಿಯಮ, ತಂತ್ರಾಂಶ, ದಾಖಲೆ ಮೂರನ್ನೂ ತಾಳೆಯಲ್ಲಿಡುವುದು ಮುಖ್ಯವಾಗಿ ಸರ್ಕಾರದ ಕೆಲಸ. ನಿಯಮ ಏನಿದೆ, ತಂತ್ರಾಂಶದಲ್ಲಿ ಅದು ಹೇಗೆ ಕೂತಿದೆ ಎಂಬುದು ಜನರಿಗೆ ತಿಳಿಯುವ ಭಾಷೆಯಲ್ಲಿ ಸಿಗುವಂತಾದರೆ ಅರ್ಧ ಗೊಂದಲ ತಾನೇ ಕರಗುತ್ತದೆ. ಆದರೆ ಒಂದು ಪಹಣಿಯಲ್ಲಿ ಬರೆದದ್ದಕ್ಕೂ ಆ ಜಮೀನಿನ ಬದುವಿಗೂ ಹೊಂದುತ್ತದೆಯೇ ಎಂದು ಗೊತ್ತಿರುವುದು ಅದನ್ನು ಉಳುವವರಿಗೆ ಮಾತ್ರ. ಈ ಲೇಖನವನ್ನು ಗುಂಪಿಗೆ ಕಳಿಸುವ ಮೊದಲು ನಿಮ್ಮ ಮನೆಯ ಪಹಣಿಯ ಕಾಲಂ 9 ಒಮ್ಮೆ ಕೂಡಿ ನೋಡಿ.